ಓದುಗರ ಪ್ರಶ್ನೆ: ಫೋಮ್ ವಿಮಾನದ ಮೋಟಾರು, ಬ್ಯಾಟರಿ, ವೈರಿಂಗ್

ಫೋಮ್ ಶೀಟ್ ಕತ್ತರಿಸಿ ಮನೆಯಲ್ಲೇ ರೇಡಿಯೊ ನಿಯಂತ್ರಿತ ವಿಮಾನ ಕಟ್ಟುವವರ ಪ್ರಶ್ನೆಗಳು ಈ ಬಾರಿ.

ಪ್ರಶ್ನೆ: ನನ್ನ ವಿಮಾನದ ರೆಕ್ಕೆ 90 ಸೆಂ.ಮೀ., ಬ್ಯಾಟರಿ ಸೇರಿ ತೂಕ 480 ಗ್ರಾಂ. ಅಂಗಡಿಯಲ್ಲಿ 'ಇದೇ ಪವರ್‌ಫುಲ್' ಎಂದು ಎ2212, 2200 ಕೆವಿ ಮೋಟಾರು ಕೊಟ್ಟರು. 3ಎಸ್ ಬ್ಯಾಟರಿಗೆ 10x4.5 ಪ್ರೊಪೆಲ್ಲರ್ (10 ಇಂಚು ವ್ಯಾಸ, 4.5 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಹಾಕಿ ಓಡಿಸಿದರೆ ಅರ್ಧ ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿ. ಮೋಟಾರು ಕೆಟ್ಟಿದೆಯೇ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೋಟಾರು ಸರಿಯಿದೆ, ಪ್ರೊಪೆಲ್ಲರ್ ಜೋಡಿ ತಪ್ಪಿದೆ. ಕೆವಿ ಎಂಬುದು ಶಕ್ತಿಯ ಅಳತೆಯಲ್ಲ. ಹೊರೆಯಿಲ್ಲದೆ ತಿರುಗುವಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅದು. 3ಎಸ್ ಎಂದರೆ ಸಾಲಾಗಿ ಜೋಡಿಸಿದ ಮೂರು ಸೆಲ್, ಒಟ್ಟು 11.1 ವೋಲ್ಟ್, 2200 ಕೆವಿಯಾದರೆ ಸುಮಾರು 24,400 ಸುತ್ತು. 10 ಇಂಚಿನ ಪ್ರೊಪೆಲ್ಲರನ್ನು ಆ ವೇಗಕ್ಕೆ ಒಯ್ಯಲು ಹೆಣಗಾಡುತ್ತ ಮೋಟಾರು ತನ್ನ ಮಿತಿ ಮೀರಿ ಕರೆಂಟು ಎಳೆಯುತ್ತದೆ. ವಾರ್ನಿಷ್ ಸುಟ್ಟ ವಾಸನೆ ಬಂದಿದ್ದರೆ ಆ ಮೋಟಾರನ್ನು ಮತ್ತೆ ನಂಬಬೇಡಿ.

2200 ಕೆವಿಗೆ ಸರಿಹೊಂದುವುದು 6x3. ಆದರೆ ಅದು ವೇಗದ ಪುಟ್ಟ ವಿಮಾನಕ್ಕೆ. ನಿಮ್ಮಂಥ ನಿಧಾನದ ಹೈ-ವಿಂಗ್ (ರೆಕ್ಕೆ ಮೈಯ ಮೇಲ್ಭಾಗದಲ್ಲಿರುವ) ವಿಮಾನಕ್ಕೆ ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು: 1400 ಕೆವಿಗೆ 8x4, ಇಲ್ಲವೇ 1000 ಕೆವಿಗೆ 10x4.5. ನಮ್ಮ ಆಯ್ಕೆ 1000 ಕೆವಿ. ಪ್ರೊಪೆಲ್ಲರ್ ನೆಲಕ್ಕೆ ಬಡಿಯುವಷ್ಟು ಗಿಡ್ಡ ವಿಮಾನವಾದರೆ ಮಾತ್ರ 1400. ಎರಡಕ್ಕೂ 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಧಾರಾಳ.

ಖರೀದಿಗೆ ಮೊದಲು ತೂಕದ ಪಟ್ಟಿ ಬರೆಯಿರಿ. ಮೋಟಾರು ಸುಮಾರು 50 ಗ್ರಾಂ, ಇಎಸ್‌ಸಿ 25, ಎರಡು 9 ಗ್ರಾಂ ಸರ್ವೊ (ರೆಕ್ಕೆ, ಬಾಲದ ಚಲಿಸುವ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರು) ಸೇರಿ 18, ಆರು ಚಾನೆಲ್ ರಿಸೀವರ್ 15, 3ಎಸ್ 1000 ಎಂಎಎಚ್ ಬ್ಯಾಟರಿ 85ರಿಂದ 90, ಪ್ಲೈವುಡ್ ಫೈರ್‌ವಾಲ್ (ಮೋಟಾರು ಕೂರಿಸುವ ಹಲಗೆ), ವೈರು, ಪ್ರೊಪೆಲ್ಲರ್ ಸೇರಿ 30. ಅಲ್ಲಿಗೇ ಸುಮಾರು 225 ಆಯಿತು. ಹಾಗಾಗಿ ಫೋಮ್ ಮತ್ತು ಅಂಟು 250 ಗ್ರಾಂ ಮೀರದಂತೆ ನೋಡಿಕೊಳ್ಳಿ. ತೂಕ ಉಳಿಯಲೆಂದು ಬ್ಯಾಟರಿಯನ್ನು ತೀರಾ ಚಿಕ್ಕದು ಮಾಡಬೇಡಿ. 1000 ಎಂಎಎಚ್ (ಅಂದರೆ 1 ಆಂಪಿಯರ್-ಗಂಟೆ), 25ಸಿ ಎಂದರೆ ಅದರ 25 ಪಟ್ಟು, ಕಾಗದದ ಮೇಲೆ 25 ಆಂಪಿಯರ್. ಅಗ್ಗದ ಪ್ಯಾಕಿನಲ್ಲಿ ಅದರ ಅರ್ಧವನ್ನಷ್ಟೇ ನೆಚ್ಚಿಕೊಳ್ಳಿ. ಸಾಮರ್ಥ್ಯದ ಶೇ. 80 ಭಾಗ ಬಳಸಿ, ಸರಾಸರಿ 7 ಆಂಪಿಯರ್ ಎಳೆದರೆ ಹಾರಾಟ ಏಳು ನಿಮಿಷದ ಹತ್ತಿರ.

ಪ್ರಶ್ನೆ: ನಾಲ್ಕು ಲೋಹದ ಗೇರಿನ ಸರ್ವೊಗಳಿರುವ ವಿಮಾನ. ಮೂರ್ನಾಲ್ಕು ನಿಮಿಷ ಚೆನ್ನಾಗಿ ಹಾರಿ, ಆಮೇಲೆ ಇದ್ದಕ್ಕಿದ್ದಂತೆ ಯಾವ ಕಂಟ್ರೋಲೂ ಇಲ್ಲ, ಮೋಟಾರೂ ನಿಲ್ಲುತ್ತದೆ. ಕೆಲವು ಸೆಕೆಂಡಿಗೆ ಎಲ್ಲ ವಾಪಸ್. ನೆಲದ ಮೇಲೆ ನೋಡಿದರೆ ಏನೂ ತೊಂದರೆಯಿಲ್ಲ. ರಿಸೀವರ್ ಬದಲಿಸಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ರಿಸೀವರಿಗೆ ಕೈ ಹಚ್ಚಬೇಡಿ; ಮೊದಲು ಅದಕ್ಕೆ ಸಿಗುವ 5 ವೋಲ್ಟನ್ನು ನೋಡಿ. ಆ 5 ವೋಲ್ಟ್ ಬರುವುದು ಇಎಸ್‌ಸಿಯೊಳಗಿನ ಬಿಇಸಿಯಿಂದ (ಬ್ಯಾಟರಿಯ ವೋಲ್ಟನ್ನು 5ಕ್ಕೆ ಇಳಿಸುವ ಸರ್ಕ್ಯೂಟ್). ಅಗ್ಗದ ಇಎಸ್‌ಸಿಗಳಲ್ಲಿ ಅದು ಲೀನಿಯರ್ ಜಾತಿಯದು, ಅಂದರೆ ಹೆಚ್ಚುವರಿ ವೋಲ್ಟನ್ನೆಲ್ಲ ಶಾಖವಾಗಿ ಉರಿಸಿಬಿಡುತ್ತದೆ. ಪೂರ್ತಿ ಚಾರ್ಜಾದ 3ಎಸ್ ಬ್ಯಾಟರಿ 12.6 ವೋಲ್ಟ್. ಸರ್ವೊಗಳು 1 ಆಂಪಿಯರ್ ಎಳೆದರೆ 7.6 ವ್ಯಾಟ್ ಶಾಖ, ಅದೂ ಗಾಳಿಯಾಡದ ಫೋಮ್ ಪೆಟ್ಟಿಗೆಯೊಳಗೆ. ಕಾದ ಬಿಇಸಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ತುಸು ತಣಿದ ಮೇಲೆ ಮತ್ತೆ ಆನ್. ನೀವು ಕಂಡದ್ದು ಇದೇ ಇರಬೇಕು.

ಬೇರೆ ಕಾರಣಗಳಿಂದ ಇದನ್ನು ಬೇರ್ಪಡಿಸುವುದು ಸುಲಭ. ಮೋಟಾರು ಮಾತ್ರ ನಿಂತು ಎಲಿವೇಟರ್ (ಮೂತಿಯನ್ನು ಮೇಲೆ-ಕೆಳಗೆ ಮಾಡುವ ಬಾಲದ ಪಟ್ಟಿ) ಮಾತು ಕೇಳುತ್ತಿದ್ದರೆ ಅದು ಬ್ಯಾಟರಿ ಇಳಿದಾಗಿನ ಕಟ್-ಆಫ್. ಸಿಗ್ನಲ್ ಸಮಸ್ಯೆಯಾದರೆ ಸಾಮಾನ್ಯವಾಗಿ ದೂರ ಹೋದಾಗ ಕಾಣಿಸುತ್ತದೆ. ಬಿಇಸಿ ಕಾದರೆ ತಲೆಯ ಮೇಲೆ ಹಾರುತ್ತಿದ್ದರೂ ಕೈಕೊಡುತ್ತದೆ. ಖಚಿತ ಮಾಡಿಕೊಳ್ಳಲು ಪ್ರೊಪೆಲ್ಲರ್ ಬಿಚ್ಚಿ, ಮುಚ್ಚಳ ಹಾಕಿಯೇ ಎರಡೂ ಸ್ಟಿಕ್‌ಗಳನ್ನು ಮೂರು ನಿಮಿಷ ಬಿಡದೆ ಆಡಿಸಿ. ನೆಲದ ಪರೀಕ್ಷೆಯಲ್ಲಿ ಯಾರೂ ಇಷ್ಟು ಹೊತ್ತು ಆಡಿಸುವುದಿಲ್ಲ, ಅದಕ್ಕೇ ದೋಷ ಕಾಣುವುದಿಲ್ಲ. ಸ್ಟಿಕ್ ಬಿಟ್ಟಾಗಲೂ ಸರ್ವೊ ಗುಂಯ್‌ಗುಡುತ್ತಿದ್ದರೆ ಹಿಂಜ್ ಬಿಗಿ, ಇಲ್ಲವೇ ಪುಶ್‌ರಾಡ್ (ಸರ್ವೊದಿಂದ ಪಟ್ಟಿಗೆ ಹೋಗುವ ಕಡ್ಡಿ) ಎಲ್ಲೋ ಒತ್ತುತ್ತಿದೆ. ಸುಮ್ಮನೆ ನಿಂತ ಸರ್ವೊ ಕೂಡ ಆಗ ಕರೆಂಟು ತಿನ್ನುತ್ತದೆ.

ಪರಿಹಾರ: 5 ವೋಲ್ಟ್, 3 ಆಂಪಿಯರಿನ ಸ್ವಿಚಿಂಗ್ ಬಿಇಸಿ (ಲೀನಿಯರ್‌ನಷ್ಟು ಶಾಖ ಮಾಡದ ಬಗೆ) ಒಂದನ್ನು ಬ್ಯಾಟರಿ ಕಡೆಯಿಂದ ರಿಸೀವರಿನ ಖಾಲಿ ಚಾನೆಲ್‌ಗೆ ಜೋಡಿಸಿ. ಜೊತೆಗೆ ಇಎಸ್‌ಸಿಯ ಮೂರು ತಂತಿಯ ಪ್ಲಗ್ಗಿನಿಂದ ನಡುವಿನ ಕೆಂಪು ತಂತಿಯ ಪಿನ್ ಮಾತ್ರ ಹೊರತೆಗೆದು ಟೇಪ್ ಸುತ್ತಿ. ಎರಡು ಬಿಇಸಿ ಒಂದೇ ಲೈನಿಗೆ ಬೀಳಬಾರದು. ಗ್ರೌಂಡ್ ತಂತಿಯನ್ನು (ಕಪ್ಪು ಅಥವಾ ಕಂದು) ತೆಗೆಯಬೇಡಿ. ಇಎಸ್‌ಸಿಗೆ ಮೂತಿಯಲ್ಲಿ ಗಾಳಿ ಒಳಬರುವ ತೂತು, ಹಿಂದೆ ಅದರ ಎರಡರಷ್ಟು ದೊಡ್ಡ ತೂತು ಇರಲಿ. ಹೊರಹೋಗುವ ದಾರಿ ಕಿರಿದಾದರೆ ಗಾಳಿ ಒಳಗೇ ನಿಲ್ಲುತ್ತದೆ.

ಪ್ರಶ್ನೆ: ಇಎಸ್‌ಸಿಯನ್ನು ಮೂತಿಯಲ್ಲಿಟ್ಟು ಬ್ಯಾಟರಿ ವೈರನ್ನು 40 ಸೆಂ.ಮೀ. ಉದ್ದ ಮಾಡಿದೆ. ಎರಡನೇ ಹಾರಾಟಕ್ಕೇ ಇಎಸ್‌ಸಿ ಸುಟ್ಟಿತು.
— ಓದುಗರು, ಶಿವಮೊಗ್ಗ

ಉತ್ತರ: ಉದ್ದ ಮಾಡುವುದಾದರೆ ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಮಾಡಿ. ಇಎಸ್‌ಸಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಬಿಡುತ್ತದೆ. ಬ್ಯಾಟರಿ ವೈರು ಉದ್ದವಾದಷ್ಟೂ ಪ್ರತಿ ಕಡಿತಕ್ಕೆ ವೋಲ್ಟೇಜ್ ಎಗರುವುದು ಹೆಚ್ಚು. ಆ ಏಟನ್ನೆಲ್ಲ ತಿನ್ನುವುದು ಇಎಸ್‌ಸಿಯ ಕೆಪಾಸಿಟರ್. ಮೋಟಾರಿನ ಮೂರು ತಂತಿ ಯಾವ ಕ್ರಮದಲ್ಲಿದ್ದರೂ ಸರಿ. ಉಲ್ಟಾ ತಿರುಗಿದರೆ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಬ್ಯಾಟರಿ ಕಡೆ ಪ್ಲಸ್-ಮೈನಸ್ ಅದಲುಬದಲಾದರೆ ಮಾತ್ರ ಇಎಸ್‌ಸಿ ಆ ಕ್ಷಣವೇ ಹೋಗುತ್ತದೆ.

ಪ್ರಶ್ನೆ: ರಿಸೀವರ್ ಆಂಟೆನಾ ಎಲ್ಲಿರಬೇಕು? ರೆಕ್ಕೆಗೆ ಕಾರ್ಬನ್ ರಾಡ್ ಹಾಕಿದ್ದೇನೆ. ಸೂಪರ್ ಗ್ಲೂ ಹಾಕಿದ ಜಾಗದಲ್ಲಿ ಥರ್ಮೋಕೋಲ್ ಕರಗಿಹೋಯಿತು, ಅದಕ್ಕೇನು ಮಾಡಲಿ?
— ಓದುಗರು, ಮೈಸೂರು

ಉತ್ತರ: 2.4 ಗಿಗಾಹರ್ಟ್ಸ್ ಆಂಟೆನಾದಲ್ಲಿ ನಿಜವಾಗಿ ಕೆಲಸ ಮಾಡುವುದು ತುದಿಯಲ್ಲಿ ಕವಚವಿಲ್ಲದ 3 ಸೆಂ.ಮೀ. ಅಷ್ಟೇ. ಅದು ಮಡಚದೆ ನೇರವಾಗಿರಲಿ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿ ಟೇಪ್ ಹಚ್ಚಿ. ಕಾರ್ಬನ್ ರಾಡ್ ಸಿಗ್ನಲ್ಲಿಗೆ ಅಡ್ಡ ಬರುತ್ತದೆ, ಬ್ಯಾಟರಿಯೂ ಅಷ್ಟೇ, ಪಕ್ಕದಲ್ಲಿ ಓಡಿಸಬೇಡಿ. ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ಕಡಿದಾಗ ಏನಾಗಬೇಕೆಂಬ ಸೆಟ್ಟಿಂಗ್) ಥ್ರಾಟಲ್ ಸೊನ್ನೆಗೆ ಇಟ್ಟು, ಪ್ರೊಪೆಲ್ಲರ್ ಬಿಚ್ಚಿ ಮೋಟಾರು ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಮೋಟಾರು ನಿಲ್ಲಲೇಬೇಕು, ನಿಲ್ಲದಿದ್ದರೆ ಆ ವಿಮಾನವನ್ನು ಮೈದಾನಕ್ಕೆ ಒಯ್ಯಬೇಡಿ.

ಥರ್ಮೋಕೋಲಿಗೆ ಮಾಮೂಲು ಸೂಪರ್ ಗ್ಲೂ ಆಗದು, ಫೋಮ್-ಸೇಫ್ ಎಂದು ಕೇಳಿ ತನ್ನಿ. ಸರ್ವೊಗೆ ಮೊದಲು ಒಂದು ಸುತ್ತು ಪೇಪರ್ ಟೇಪ್, ಅದರ ಮೇಲೆ ಕೊಂಚ ಆರಿದ ಹಾಟ್ ಗ್ಲೂ. ಗೇರು ಮುರಿದ ದಿನ ಟೇಪ್ ಸಮೇತ ಕಿತ್ತು ಬರುತ್ತದೆ. ಅಂಟಿಸುವ ಮೊದಲು ಕರೆಂಟು ಕೊಟ್ಟು, ಟ್ರಿಮ್ ಸೊನ್ನೆಯಲ್ಲಿಟ್ಟು, ಹಾರ್ನ್ (ಸರ್ವೊದ ತೋಳು) ಅನ್ನು ಪುಶ್‌ರಾಡಿಗೆ ಲಂಬವಾಗಿ ಕೂರಿಸಿ.

ಪ್ರಶ್ನೆ: ಬಾಲ ಭಾರವಾಗಿದೆ, ಮೂತಿಗೆ ಸೀಸ ಅಂಟಿಸಲೇ?
— ಓದುಗರು, ಉಡುಪಿ

ಉತ್ತರ: ಮೊದಲು ಬ್ಯಾಟರಿ ಸರಿಸಿ ನೋಡಿ, ವಿಮಾನದಲ್ಲಿ ಅತಿ ಭಾರದ ವಸ್ತು ಅದೇ. ರೆಕ್ಕೆಯ ಮುಂಚೂಣಿಯಿಂದ ಅಗಲದ ಶೇ. 25ರಿಂದ 30 ಭಾಗದಲ್ಲಿ ವಿಮಾನ ಬೆರಳ ಮೇಲೆ ಸಮ ನಿಲ್ಲಬೇಕು: 16 ಸೆಂ.ಮೀ. ಅಗಲದ ರೆಕ್ಕೆಗೆ 4ರಿಂದ 4.8 ಸೆಂ.ಮೀ. ಬ್ಯಾಟರಿ ತಟ್ಟೆಗೆ ಹಿಂದುಮುಂದು ಸರಿಸುವಷ್ಟು ಜಾಗ ಬಿಟ್ಟು, ವೆಲ್ಕ್ರೋ ಪಟ್ಟಿಯಿಂದ ಬಿಗಿಯಿರಿ. ಅಷ್ಟಕ್ಕೂ ಸಾಲದಿದ್ದರೆ ಸರ್ವೊಗಳನ್ನು ಬಾಲದಿಂದ ರೆಕ್ಕೆಯ ಕೆಳಗೆ ತಂದು ಉದ್ದ ಪುಶ್‌ರಾಡ್ ಹಾಕಿ. ಸೀಸ ಕೊನೆಗೆ.

ಪ್ರಶ್ನೆ: ಚಾರ್ಜ್ ಮಾಡಿಟ್ಟ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತಿಂಗಳಲ್ಲಿ ಉಬ್ಬಿದೆ. ಬಳಸಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಬೇಡ. ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹೊಸ ಪ್ಯಾಕನ್ನು ಎರಡು ಮೂರು ದಿನ ಬಳಸುವುದಿಲ್ಲವೆಂದರೆ ಪ್ರತಿ ಸೆಲ್ 3.8 ವೋಲ್ಟಿಗೆ ಇಳಿಸಿಡಿ. 1000 ಎಂಎಎಚ್ ಪ್ಯಾಕಿಗೆ ಚಾರ್ಜಿಂಗ್ 1 ಆಂಪಿಯರ್ ಮೀರದಿರಲಿ, ಬ್ಯಾಲೆನ್ಸ್ ಪ್ಲಗ್ (ಎಲ್ಲ ಸೆಲ್‌ಗಳನ್ನು ಸಮವಾಗಿ ಚಾರ್ಜ್ ಮಾಡಿಸುವ ಸಣ್ಣ ಪ್ಲಗ್) ಸೇರಿಸಿಯೇ ಇರಲಿ.