ಕಿವುಡ ಮಕ್ಕಳಿಗೆ ಲೆಕ್ಕದ ವಾಕ್ಯಗಳು ಕಷ್ಟವಾಗುವುದೇಕೆ? ಸಂಜ್ಞಾ ಭಾಷೆಯಲ್ಲಿ ಹೇಗೆ ಕಲಿಸಬಹುದು?

ಅಡ್ಡಿಯಾಗುವುದು ಬಹಳ ಸಲ ಲೆಕ್ಕವಲ್ಲ, ವಾಕ್ಯ. ‘ಮಲ್ಪೆಯಲ್ಲಿ 3 ಬುಟ್ಟಿ ಬಂಗುಡೆ, ಒಂದೊಂದರಲ್ಲಿ 24, ಒಟ್ಟು ಎಷ್ಟು?’ ಎಂಬಲ್ಲಿ ‘ಒಂದೊಂದರಲ್ಲಿ’ ಅರ್ಥವಾಗದ ಮಗು 3 ಮತ್ತು 24ನ್ನು ಕೂಡಿಸಿಬಿಡುತ್ತದೆ. ಸಂಜ್ಞೆಯಲ್ಲಿ ಎದುರಿನ ಗಾಳಿಯಲ್ಲೇ ಎಡಕ್ಕೆ, ನಡುವೆ, ಬಲಕ್ಕೆ ಮೂರು ಬುಟ್ಟಿ ಇಟ್ಟು, ಪ್ರತಿಯೊಂದರ ಮೇಲೂ 24 ಎಂದು ತೋರಿಸಿ. ಗುಣಾಕಾರ ಕಣ್ಣಿಗೇ ಕಾಣುತ್ತದೆ.

ಬೋರ್ಡಿಗೆ ಮುಖಮಾಡಿ ಬರೆಯುತ್ತಲೇ ವಿವರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮಗು ಏಕಕಾಲಕ್ಕೆ ಕೈಯನ್ನೂ ಬರಹವನ್ನೂ ನೋಡಲಾರದು. ಬರೆಯಿರಿ, ನೋಡಲು ಬಿಡಿ, ಆಮೇಲೆ ತಿರುಗಿ ಸಂಜ್ಞೆ ಮಾಡಿ. ಇದೊಂದನ್ನೇ ಉಡುಪಿಯ ಪ್ರತಿ ಶಾಲೆಯೂ ಪಾಲಿಸಬೇಕೆಂಬುದು ನನ್ನ ಆಸೆ.

ಪಾರಿಭಾಷಿಕ ಪದಗಳಿಗೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟನ್ನು ನೋಡಿ. 2021ರ ಆವೃತ್ತಿಯಲ್ಲಿ 10,000 ಪದಗಳಿವೆ.