ಸಮುದ್ರದ ಪಾಚಿಯೊಳಗೆ ಸುಮ್ಮನಿರುವ ವೈರಸ್

ಪ್ರಶ್ನೆ: ಮೇಡಂ, ನಮ್ಮದು ರೇಷ್ಮೆ ಸಾಕುವ ಮನೆ. ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಹುಳಕ್ಕೆ ಹಾಲುತೊಂಡೆ ರೋಗ ಬಂದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತೆ, ಅದು ವೈರಸ್ ಕೆಲಸ ಅಂತ ಗೊತ್ತು. ಆದರೆ ಸಮುದ್ರದ ನೀಲಿ-ಹಸಿರು ಪಾಚಿಯೊಳಗೆ ವೈರಸ್ ಸೇರಿಕೊಂಡು ಏನೂ ಮಾಡದೆ ಇರುತ್ತೆ ಅಂತ ತಂಗಿಯ ಪುಸ್ತಕದಲ್ಲಿ ಓದಿದೆ. ಹೌದಾ? ನಮ್ಮೂರ ಕೆರೆಯ ಪಾಚಿಯನ್ನೂ ವೈರಸ್ ಬಿಟ್ಟು ಕೊಲ್ಲಬಹುದಾ?
— ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಹೌದಪ್ಪ, ಇರುತ್ತೆ. ಚಿಂತಾಮಣಿಯಲ್ಲಿ ನಾನು ಪಾಠ ಮಾಡುವಾಗ ಹುಡುಗರೆಲ್ಲ ‘ವೈರಸ್ ಅಂದರೆ ಕೊಲ್ಲುವುದು’ ಎಂದೇ ಬರೆಯುತ್ತಿದ್ದರು. ಅದು ಅರ್ಧ ಮಾತ್ರ ನಿಜ.

ಸಮುದ್ರದ ಸೈನೆಕೋಕಾಕಸ್ ಎಂಬ ಸಯನೊಬ್ಯಾಕ್ಟೀರಿಯಾ, ಅಂದರೆ ನೀವು ಹೇಳಿದ ನೀಲಿ-ಹಸಿರು ಪಾಚಿ, ಹೆಚ್ಚುಕಡಿಮೆ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ್ದು. ವೈರಸ್ ತಗುಲಿದರೆ ಬಹುಪಾಲು ನಿಮ್ಮ ಹುಳದ ಗತಿಯೇ: ಒಳಗೇ ವೈರಸ್ ಹೆಚ್ಚಿ, ಕೋಶ ಒಡೆದು ಹೊರಗೆ ಬರುತ್ತವೆ. ಕೆಲವು ವೈರಸ್ ಬೇರೆ ದಾರಿ ಹಿಡಿಯುತ್ತವೆ. ತಮ್ಮ ಡಿಎನ್‌ಎಯನ್ನು ಆ ಜೀವಿಯ ಡಿಎನ್‌ಎ ಜೊತೆಗೇ ಸೇರಿಸಿಬಿಡುತ್ತವೆ. ಕೊಲ್ಲುವ ಜೀನ್‌ಗಳು ತಲೆಯೆತ್ತದಂತೆ ಒಂದು ಪ್ರೋಟೀನ್ ಅದುಮಿಟ್ಟಿರುತ್ತದೆ. ಕೋಶ ಎರಡಾದಾಗ ವೈರಸ್‌ನ ಪಾಲೂ ಎರಡಾಗಿ ಎರಡೂ ಮರಿಕೋಶಗಳಿಗೆ ಹೋಗುತ್ತದೆ.

ಇದನ್ನು ಕಂಡುಹಿಡಿದ ಬಗೆ ನನಗೆ ಬಲು ಇಷ್ಟ. ಸಮುದ್ರದ ನೀರನ್ನು ಎರಡು ಪಾತ್ರೆಗೆ ಹಾಕಿ, ಒಂದಕ್ಕೆ ಮಾತ್ರ ಮೈಟೊಮೈಸಿನ್ ಸಿ ಬೆರೆಸುತ್ತಾರೆ. ಕ್ಯಾನ್ಸರ್‌ಗೂ ಕೊಡುವ ಔಷಧಿ ಅದು, ಡಿಎನ್‌ಎ ಕೆಡಿಸುತ್ತದೆ. ಡಿಎನ್‌ಎ ಕೆಟ್ಟಿತೆಂದರೆ ಅದುಮಿಟ್ಟ ಪ್ರೋಟೀನ್ ಮುರಿದುಬೀಳುತ್ತದೆ, ವೈರಸ್ ಎದ್ದು ಕೋಶ ಒಡೆಯುತ್ತದೆ. ಆಮೇಲೆ ಎರಡೂ ಪಾತ್ರೆಯ ವೈರಸ್ ಎಣಿಸಬೇಕು. ಔಷಧಿ ಬಿದ್ದ ಪಾತ್ರೆಯಲ್ಲಿ ಜಾಸ್ತಿ ಸಿಕ್ಕರೆ, ಅವು ಮೊದಲೇ ಒಳಗಿದ್ದವು ಅಂತ ಲೆಕ್ಕ. ಅಮೆರಿಕದ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯ ನೀರನ್ನು ಹೀಗೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಅಡಗಿದ ವೈರಸ್ ಹೆಚ್ಚಾಗಿ ಸಿಕ್ಕಿದ್ದು ಚಳಿಗಾಲದಲ್ಲಿ, ಸೈನೆಕೋಕಾಕಸ್ ಕಡಿಮೆ ಇದ್ದಾಗ. ಹೊರಗೆ ಹೋದರೆ ಹಿಡಿಯಲು ಇನ್ನೊಂದು ಕೋಶ ಸಿಗುವುದೇ ಕಷ್ಟವಾದ ಕಾಲ, ಒಳಗಿರುವುದೇ ಲಾಭ.

ಹಾಗಂತ ಎಲ್ಲದರೊಳಗೂ ವೈರಸ್ ಅಡಗಿದೆ ಅಂದುಕೊಳ್ಳಬೇಡಿ. ಪ್ರಯೋಗಾಲಯದಲ್ಲಿ ಬೆಳೆಸಿ ಪೂರ್ತಿ ಜೀನೋಮ್ (ಅದರ ಇಡೀ ಡಿಎನ್‌ಎ) ಓದಿದ ಸಮುದ್ರದ ತಳಿಗಳಲ್ಲಿ ಇಂಥ ಇಡಿಯಾದ ವೈರಸ್ ಸಿಗುವುದು ಅಪರೂಪ.

ಇನ್ನು ನಿಮ್ಮ ಕೆರೆ. ಸಿಹಿನೀರಿನ ಪಾಚಿಗೂ ವೈರಸ್ ಇವೆ. ಮೊದಲು ಗುರುತಿಸಿದ್ದೇ ಸಮುದ್ರದಲ್ಲಲ್ಲ, 1963ರಲ್ಲಿ, ಚರಂಡಿ ನೀರು ನಿಲ್ಲಿಸುವ ಕೊಳದಲ್ಲಿ. ಆದರೆ ಬಿಟ್ಟು ಕೊಲ್ಲುವ ಯೋಚನೆ ಬೇಡ. ಒಂದೊಂದು ವೈರಸ್ ಸಾಮಾನ್ಯವಾಗಿ ಕೆಲವೇ ತಳಿಗಳನ್ನು ಹಿಡಿಯುತ್ತದೆ, ಉಳಿದವು ಆ ಜಾಗ ತುಂಬುತ್ತವೆ. ಗೊಬ್ಬರದ ನೀರು, ಚರಂಡಿ ನೀರು ಬರುವುದು ನಿಲ್ಲದೆ ಹಸಿರು ಇಳಿಯದು. ಜೊತೆಗೆ, ಕೆರೆಯಲ್ಲಿರುವುದು ಮೈಕ್ರೋಸಿಸ್ಟಿಸ್ ಎಂಬ ವಿಷದ ನೀಲಿ-ಹಸಿರು ಪಾಚಿ ಆದರೆ, ಕೋಶ ಒಡೆದಾಗ ಒಳಗಿನ ವಿಷ ನೀರಿಗಿಳಿಯಬಹುದು. ಆ ವಿಷ ಕುದಿಸಿದರೂ ಹೋಗುವುದಿಲ್ಲ. ದಡದಲ್ಲಿ ಹಸಿರು ಕೆನೆ ಕಟ್ಟಿದ್ದರೆ ಅಲ್ಲಿ ದನಕ್ಕೆ ನೀರು ಕುಡಿಸಬೇಡಿ, ಬೋರ್‌ವೆಲ್ ತೊಟ್ಟಿಗೇ ಹೊಡೆದುಕೊಂಡು ಹೋಗಿ.