ದುಡಿಮೆಯ ಕಾಲದಲ್ಲಿ ರೈತನನ್ನು ಹಿಡಿಯಬೇಡ ಎಂದವನು ಕೌಟಿಲ್ಯ

ಪತ್ರ: ‘ಅರ್ಥಶಾಸ್ತ್ರ ಶುರುವಾಗಿದ್ದು 1776ರಲ್ಲಿ, ಆಡಂ ಸ್ಮಿತ್‌ನಿಂದ. ಕೌಟಿಲ್ಯ, ಅಶೋಕ ಎಂದು ಪುಟ ತುಂಬಿಸಬೇಡಿ. ಆ ಹಳೆಯ ಪುರಾಣದಿಂದ ತೊಗರಿ ಬೆಳೆಗಾರನಿಗೇನು ಲಾಭ?’ – ವಾಣಿಜ್ಯ ಉಪನ್ಯಾಸಕರು, ಚಿತ್ತಾಪುರ

ಉತ್ತರ: ಶರಣು ಸರ್. ಶ್ರಮವಿಭಜನೆಯನ್ನು, ಅಂದರೆ ಒಂದು ಕೆಲಸವನ್ನು ಹಲವರು ಹಂಚಿಕೊಂಡು ಮಾಡುವುದನ್ನು, ಸ್ಮಿತ್‌ನಷ್ಟು ಬಿಡಿಸಿ ನಮ್ಮ ಹಳಬರು ಹೇಳಿಲ್ಲ, ಒಪ್ಪಿದೆ. ವರ್ಣ ನೋಡಿ ಬಡ್ಡಿ ಹಾಕಿದ ಮನುಸ್ಮೃತಿಯನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ತೊಗರಿ ಬೆಳೆಗಾರನ ಹೆಸರೆತ್ತಿದಿರಲ್ಲ, ಬನ್ನಿ, ಅಲ್ಲಿಂದಲೇ ಮಾತಾಡೋಣ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ಗ್ರಂಥ ಪುರಾಣವಲ್ಲ. ಅದರ ಮೂರನೇ ಅಧಿಕರಣದಲ್ಲಿ ಸಾಲದ ಪ್ರಕರಣ ತೆಗೆದು ನೋಡಿ. ನೂರು ಪಣಕ್ಕೆ (ಪಣ ಅಂದರೆ ಆಗಿನ ನಾಣ್ಯ) ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ. ವ್ಯಾಪಾರಕ್ಕೆ 5, ಕಾಡು ಹಾಯುವವನಿಗೆ 10, ಸಮುದ್ರಕ್ಕಿಳಿಯುವವನಿಗೆ 20. ಗಂಡಾಂತರ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ನೀವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವುದೂ ಇದನ್ನೇ ಅಲ್ಲವೇ? ಮುಂದಿನ ಮಾತು ಇನ್ನೂ ದೊಡ್ಡದು. ಕಾಯಿಲೆ ಬಿದ್ದವನ, ಗುರುಕುಲದಲ್ಲಿ ಓದುತ್ತಿರುವವನ, ಬಾಲಕನ, ಕೈಯಲ್ಲಿ ಏನೂ ಇಲ್ಲದವನ ಸಾಲ ಬೆಳೆಯಕೂಡದು. ದುಡಿಮೆಯ ಕಾಲದಲ್ಲಿ ಒಕ್ಕಲಿಗನನ್ನು ಸಾಲಕ್ಕಾಗಿ ಹಿಡಿಯಕೂಡದು.

ಕೂರಿಗೆ ಹೂಡುವ ಹೊತ್ತಿಗೇ ಮೈಕ್ರೋಫೈನಾನ್ಸ್ ಕಂತಿನವರು ಕಟ್ಟೆಗೆ ಬಂದು ಕೂತು, ಓಣಿಯೆಲ್ಲ ಕೇಳುವಂತೆ ಮನೆಯ ಹೆಣ್ಣುಮಗಳನ್ನು ಬೈಯುವುದನ್ನು ನಮ್ಮ ಕಡೆ ಯಾರು ಕಂಡಿಲ್ಲ? ಈ ಕಿರುಕುಳ ತಡೆಯಲು ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿದ್ದು 2025ರಲ್ಲಿ!

ಇನ್ನು ಅಶೋಕ. ನಿಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹದ ಪೀಠಕ್ಕೆ ಆಧಾರವಾಗಿದ್ದ ಚಪ್ಪಡಿಯಲ್ಲೇ ಅವನ ಶಾಸನ ಸಿಕ್ಕಿತು. ಒಡಿಶಾದ ಧೌಲಿ, ಜೌಗಡ ಬಿಟ್ಟರೆ ‘ಪ್ರತ್ಯೇಕ ಶಾಸನ’ ಎಂದು ಕರೆಯುವ ಅವನ ಆ ಶಾಸನಗಳು ಇರುವುದು ಇಲ್ಲೇ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎನ್ನುವ ಅರಸ ತನ್ನ ಅಧಿಕಾರಿಗಳಿಗೆ ತಾಕೀತು ಮಾಡುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಆತುರ, ಸೋಮಾರಿತನ ಬಿಡಿ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ. ಕೇಳುವವನು ಒಬ್ಬನೇ ಇದ್ದರೂ ಇದನ್ನು ಓದಿ ಹೇಳಬೇಕಂತೆ. ನಮ್ಮ ತಹಸೀಲ್ ಕಚೇರಿಗಳಲ್ಲಿ ಇದನ್ನು ತಿಂಗಳಿಗೊಮ್ಮೆ ಓದಿಸಬಾರದೇಕೆ?

ಶಾಲೆಯ ಪ್ರವಾಸದ ಬಸ್ಸುಗಳು ಹಂಪಿ, ಮೈಸೂರು ಎಂದು ಓಡುತ್ತವೆ, ಸನ್ನತಿಯ ಕಡೆ ತಿರುಗುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅನುದಾನಕ್ಕೆ ಏಳುವ ನಮ್ಮ ದನಿ, ಇದನ್ನು ಪಠ್ಯಕ್ಕೆ ಸೇರಿಸಿ ಎಂದು ಕೇಳಲು ಏಳುವುದಿಲ್ಲ. ಹಿಂದುಳಿದವರು ಎಂದು ನಮ್ಮನ್ನು ನಾವೇ ಕರೆದುಕೊಂಡು ರೂಢಿಯಾಗಿಬಿಟ್ಟಿದೆ.

ನೀವು ಪಾಠ ಹೇಳುವವರು, ನೇರವಾಗಿ ಬರೆಯುವವರು. ನಿಮ್ಮಂಥವರ ಮೇಲೇ ನನಗೆ ಭರವಸೆ. ಬಿ.ಕಾಂ. ಮಕ್ಕಳಿಗೆ ಸ್ಮಿತ್‌ನನ್ನು ಧಾರಾಳವಾಗಿ ಕಲಿಸಿ. ಜೊತೆಗೆ ಒಂದು ತಾಸು ಆ ಸಾಲದ ಪ್ರಕರಣವನ್ನೂ ಓದಿಸಿ. ಮಕ್ಕಳು ಏನೆಂದರೋ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

– ಸಂ.